ಆರು ತಪಸ್ಸುಕಾಲ ನುಂಗಿಟ್ಟ ಮಾತು

ಮಾನ್ವಿಯಲ್ಲಿ ನಮ್ಮ ಚರ್ಚನ್ನು ನಾವು ಗುಡಿ ಎಂದೇ ಕರೆಯುತ್ತಿದ್ದೆವು. ಆ ಗುಡಿಯಲ್ಲಿ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಬಂತೆಂದರೆ ಮೊದಲ ಜಗಳ ಕಾಲಿನ ಬಗ್ಗೆ. ಈಸ್ಟರ್ ಹಬ್ಬದ ಮುಂಚಿನ ಗುರುವಾರ ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಹನ್ನೆರಡು ಜನ ಗಂಡಸರ ಪಾದ ತೊಳೆಯುತ್ತಾರೆ. ಆ ಹನ್ನೆರಡು ಜನ ಯಾರು ಎಂದು ಬರೆದುಕೊಡುವವನು ನಾನು.

“ಹ್ವಾದ ವರ್ಷನೂ ಅವನ ಕಾಲು, ಈ ವರ್ಷನೂ ಅವನ ಕಾಲೇನ್ರಿ ಉಪದೇಶಿ? ಅವನ ಮನ್ಯಾಗ ನೀರಿಲ್ಲೇನು?”

“ನಿನ್ನ ಕಾಲು ತೊಳೀಬೇಕಂದ್ರ ಸ್ವಾಮೇರಿಗೆ ಒಂದು ಹಂಡೆ ನೀರು ಸಾಲಂಗಿಲ್ಲ, ಸುಮ್ಮ ಕುಂದ್ರಲೇ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಹೆಸರು ಬರೆಯುವ ಪೆನ್ಸಿಲು ನನ್ನ ಕಿವಿಯ ಮೇಲಿತ್ತು. ಅದು ಅಲ್ಲಿದೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಓದಿದ್ದು ನಾಲ್ಕನೆಯ ತರಗತಿ. ಕೆಲಸ ಫರ್ಸಿ ಕಲ್ಲು ಹಾಸುವುದು. ಕಾಲುವೆ ನೀರು ಬಂದ ಮೇಲೆ ಮಾನ್ವಿ, ಸಿರವಾರ ಕಡೆ ಹೊಸ ಮನೆಗಳು ಎದ್ದವು, ನನಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಗುಡಿಯ ಹಳೆಯ ಉಪದೇಶಿಯ ಕಣ್ಣು ಮಂಜಾದಾಗ, ನಮ್ಮ ಓಣಿಯಲ್ಲಿ ತಡವರಿಸದೆ ಓದಬಲ್ಲ ಗಂಡಸು ನಾನೊಬ್ಬನೇ ಎಂದು ಪ್ರಾರ್ಥನೆಯ ಪುಸ್ತಕ ನನ್ನ ಕೈಗೆ ಬಂತು. ಸ್ವಾಮಿಗಳು ಇರುವುದು ರಾಯಚೂರಿನಲ್ಲಿ. ಮಾನ್ವಿಗೆ ಬರುವುದು ತಿಂಗಳಿಗೊಂದು ಭಾನುವಾರ, ತಪಸ್ಸುಕಾಲದಲ್ಲಿ ಬೂದಿ ಬುಧವಾರ, ಶುಕ್ರವಾರಗಳು ಮತ್ತು ಪಾದ ತೊಳೆಯುವ ಗುರುವಾರ. ಉಳಿದ ದಿನ ಪ್ರಾರ್ಥನೆ ಹೇಳಿಸುವವನು, ಸತ್ತವರ ಮನೆಗೆ ಮೊದಲು ಹೋಗುವವನು, ಯಾರು ಕುಡಿದರು, ಯಾರು ಹೆಂಡತಿಯನ್ನು ಹೊಡೆದರು ಎಂದು ಸ್ವಾಮಿಗಳಿಗೆ ತಿಳಿಸುವವನು ಉಪದೇಶಿ. ಸ್ವಾಮಿಗಳ ಮಾತು ಜನರಿಗೆ, ಜನರ ಮಾತು ಸ್ವಾಮಿಗಳಿಗೆ ಅವನ ಬಾಯಿಯಿಂದಲೇ ಹೋಗಬೇಕು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ನಮ್ಮ ಹೆಂಗಸರು ಯಾರೂ ಸ್ವಾಮಿಗಳ ಎದುರು ನೇರವಾಗಿ ನಿಂತು ಮಾತನಾಡಿದ್ದನ್ನು ನಾನು ನೋಡಿರಲಿಲ್ಲ. “ಉಪದೇಶಿಗೆ ಹೇಳೀನಿ, ಆತ ಹೇಳ್ತಾನ” ಎನ್ನುತ್ತಿದ್ದರು. ನಾನು ಮಾಡಿದ ಪಾಪ ಈ ಪದ್ಧತಿಯ ಒಳಗೇ ಅಡಗಿ ಕುಳಿತಿತ್ತು.

ನನಗೆ ಒಬ್ಬಳೇ ತಂಗಿ, ನನಗಿಂತ ಏಳು ವರ್ಷ ಚಿಕ್ಕವಳು. ಅಪ್ಪ ಮೊದಲೇ ಹೋಗಿದ್ದ. ಅವ್ವ ಸತ್ತಾಗ ಅವಳಿಗೆ ಒಂಬತ್ತು. ಅವಳ ಹೇನು ತೆಗೆದವನು ನಾನು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವನು ನಾನು, ಅವಳಿಗೆ ರೊಟ್ಟಿ ಬಡಿಯಲು ಕಲಿಸಿದವನೂ ನಾನೇ. ನಾನು ಕಲಿಸಿದ್ದರಿಂದ ಅವಳ ರೊಟ್ಟಿ ಕೊನೆಯವರೆಗೂ ದಪ್ಪವೇ ಉಳಿಯಿತು. ಗುಡಿಯಲ್ಲಿ ಹಾಡು ಎತ್ತುವವಳು ಅವಳು. ಹಾಡು ಎತ್ತುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅವಳ ಸಣ್ಣ ಕೆಮ್ಮು ಕೇಳಿದರೆ ಮಕ್ಕಳೂ ಸುಮ್ಮನಾಗುತ್ತಿದ್ದವು.

ಅವಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ನಮ್ಮ ಓಣಿಗೆ ದೇವದುರ್ಗದ ಕಡೆಯ ಒಬ್ಬ ಪಿಂಜಾರ ಬರುತ್ತಿದ್ದ. ಹಳೆಯ ಗಾದಿ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಕಮಾನಿನಿಂದ ಬಡಿದು ಅರಳಿಸಿ ಮತ್ತೆ ತುಂಬಿ ಹೊಲಿದು ಕೊಡುವ ಕೆಲಸ. ಕಮಾನಿನ ತಂತಿ ಟೊಂಯ್ ಟೊಂಯ್ ಎಂದರೆ ಓಣಿಯ ಹೆಂಗಸರು ಗಾದಿ ಹೊತ್ತು ಹೊರಗೆ ಬರುತ್ತಿದ್ದರು. ನಮ್ಮ ಮನೆಯ ಒಂದೇ ಗಾದಿಯನ್ನು ಅವನು ಆ ವರ್ಷ ಎರಡು ಸಲ ಬಡಿದುಕೊಟ್ಟ. ಆಗಲೇ ನನಗೆ ತಿಳಿಯಬೇಕಿತ್ತು.

ಒಂದು ದಿನ ಅವಳು ಅವನ ಜೊತೆ ದೇವದುರ್ಗಕ್ಕೆ ಹೋದಳು. ಅಲ್ಲಿ ಅವರ ಪದ್ಧತಿಯಂತೆ ಮದುವೆಯಾಯಿತು. ಹುಡುಗಿ ತನ್ನ ಧರ್ಮ ಬಿಡಬೇಕಾಗಿಲ್ಲ ಎಂದು ಅವರ ಖಾಜಿ ಹೇಳಿದರಂತೆ, ಇವಳು ಬಿಡಲೂ ಇಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಏನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, “ಇವತ್ತಿನಿಂದ ಆಕಿ ಈ ಗುಡಿಯಾಕಿ ಅಲ್ಲ. ಆಕಿಗೆ ಪರಮಪ್ರಸಾದ ಇಲ್ಲ. ಆಕಿ ಹೆಸರು ಇಲ್ಲಿ ಯಾರೂ ಎತ್ತಬ್ಯಾಡ್ರಿ” ಎಂದೆ. ಪರಮಪ್ರಸಾದ ಎಂದರೆ ಪೂಜೆಯಲ್ಲಿ ಸ್ವಾಮಿಗಳು ಕೊಡುವ ರೊಟ್ಟಿಯ ಬಿಲ್ಲೆ, ಅದು ಸಿಗದವರು ಗುಡಿಯ ಹೊರಗಿನವರು. ಹಾಗೆ ಹೇಳು ಎಂದು ಯಾವ ಸ್ವಾಮಿಗಳೂ ನನಗೆ ಹೇಳಿರಲಿಲ್ಲ. ಜನ ಮಾತ್ರ ಸ್ವಾಮಿಗಳೇ ಹೇಳಿಸಿದ್ದಾರೆ ಎಂದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಒಡಹುಟ್ಟಿದವಳನ್ನೂ ಬಿಡಲಿಲ್ಲ ನಮ್ಮ ಉಪದೇಶಿ ಎಂದು ಆ ದಿನ ಯಾರೋ ಅಂದದ್ದು ಕಿವಿಗೆ ಬಿತ್ತು. ಅಳುತ್ತಿದ್ದ ನನಗೆ ಆ ಮಾತು ಹಿತವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಿತವಾಗಿದ್ದು ನಿಜ.

ಎರಡು ವರ್ಷದ ಮೇಲೆ ರಾಯಚೂರಿಗೆ ಹೊಸ ಸ್ವಾಮಿಗಳು ಬಂದರು. ಮಂಗಳೂರಿನ ಕಡೆಯವರು, ಎತ್ತರದ ಆಳು. ಪುಸ್ತಕದಲ್ಲಿ ಬರೆದಂತೆ ಕನ್ನಡ ಮಾತನಾಡುತ್ತಿದ್ದರು. “ನೀವು ಊಟ ಮಾಡಿದಿರಾ?” ಎಂದು ಅವರು ಕೇಳಿದರೆ ನಮ್ಮ ಮುದುಕಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಂದು ಅವರ ಮೊದಲ ಬೂದಿ ಬುಧವಾರ, ತಪಸ್ಸುಕಾಲ ಶುರುವಾಗುವ ದಿನ. ಹೋದ ವರ್ಷದ ಗರಿಗಳ ಭಾನುವಾರ ಮನೆಮನೆಗೆ ಒಯ್ದಿದ್ದ ಈಚಲ ಗರಿಗಳನ್ನು ನಾನು ಒಟ್ಟುಮಾಡಿ ಸುಟ್ಟು ಬೂದಿ ಸೋಸಿಟ್ಟಿದ್ದೆ. ಅವರು ಅದನ್ನು ನಮ್ಮ ಹಣೆಗೆ ಹಚ್ಚಿ, ಮನಸ್ಸು ತಿರುಗಿಸಿಕೊಳ್ಳುವ ಕಾಲ ಬಂತು ಎಂದು ಹೇಳಿದರು. ಎಲ್ಲ ಮುಗಿದ ಮೇಲೆ ದೀಕ್ಷಾಸ್ನಾನದ ದಫ್ತರ ತೆರೆದುಕೊಂಡು ಕೂತರು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ, ಇವರು ಎಲ್ಲಿದ್ದಾರೆ, ಇವರು ಬದುಕಿದ್ದಾರೆಯೇ ಎಂದು ಕೇಳುತ್ತಾ ಹೋದರು. ತಂಗಿಯ ಹೆಸರು ಬಂತು.

ಅವಳ ಮದುವೆಯ ವಿಷಯ ಇದ್ದದ್ದು ಹೇಳಿದೆ, ಗುಡಿಯಲ್ಲಿ ನಾನು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ.

“ಅವನು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಯೇ?” ಎಂದರು.

“ನೋಡಿಕೊಳ್ತಾನಂತ ಸ್ವಾಮಿ.”

“ಹಾಗಾದರೆ ದಾರಿ ಇದೆ. ಬಿಷಪರಿಂದ ಅನುಮತಿ ತರಿಸಬಹುದು. ಅವನು ಧರ್ಮ ಬದಲಿಸುವುದು ಬೇಡ. ಇಬ್ಬರೂ ಒಂದು ಶನಿವಾರ ರಾಯಚೂರಿಗೆ ಬಂದು ನನ್ನನ್ನು ಕಾಣಲಿ. ಮದುವೆಯನ್ನು ಆಶೀರ್ವದಿಸುತ್ತೇನೆ. ಈ ಈಸ್ಟರಿಗೆ ಅವಳು ಪರಮಪ್ರಸಾದ ತೆಗೆದುಕೊಳ್ಳಬಹುದು. ನೀವೇ ಹೋಗಿ ಹೇಳಿ. ಅಣ್ಣನ ಬಾಯಿಂದ ಕೇಳಿದರೆ ಅವಳಿಗೆ ಸಂತೋಷವಾಗುತ್ತದೆ.”

“ಆತು ಸ್ವಾಮಿ, ಹೇಳ್ತೀನಿ” ಎಂದೆ.

ಹೇಳಬೇಕೆಂದೇ ಆ ಶನಿವಾರ ಬಸ್ಸು ಹತ್ತಿದೆ. ಸಿರವಾರದಲ್ಲಿ ಇಳಿದು ದೇವದುರ್ಗದ ಬಸ್ಸಿಗೆ ಕಾಯುವಾಗ ನಮ್ಮ ಓಣಿಯ ಒಬ್ಬ ಹಿರಿಯ ಸಿಕ್ಕ. ಅವನ ಮಗಳು ಹಿಂದಿನ ವರ್ಷ ಸಿರವಾರದ ಒಕ್ಕಲಿನವರ ಹಿಂದೂ ಹುಡುಗನನ್ನು ಮೆಚ್ಚಿದ್ದಳು. ನನ್ನ ತಂಗಿಯ ಗತಿ ತೋರಿಸಿ ಅದನ್ನು ತಪ್ಪಿಸಿದವನು ನಾನು. ಹುಡುಗಿಯನ್ನು ನಮ್ಮವರಲ್ಲೇ ದೂರದ ಊರಿಗೆ ಕೊಟ್ಟಿದ್ದರು. “ಎತ್ತಾಗ ಹೊಂಟ್ರಿ ಉಪದೇಶಿ?” ಎಂದ. ಕೆಲಸ ಇದೆ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಅವನ ಮುಖವೇ ಕಣ್ಣೆದುರು. ನನ್ನ ತಂಗಿ ಮುಂದಿನ ತಿಂಗಳು ಗುಡಿಯ ನಡುವೆ ನಡೆದುಹೋಗಿ ಬಾಯಿ ತೆರೆದು ಪ್ರಸಾದ ತೆಗೆದುಕೊಂಡರೆ ಇವನು ನನ್ನ ಕೊರಳಪಟ್ಟಿ ಹಿಡಿಯುವುದಿಲ್ಲವೇ? ನನ್ನ ಮಗಳಿಗೆ ಒಂದು ಕಾನೂನು, ನಿನ್ನ ತಂಗಿಗೆ ಒಂದು ಕಾನೂನೇನು ಎನ್ನುವುದಿಲ್ಲವೇ? ಯಾರೂ ಹೇಳಿಸದ ಮಾತನ್ನು ನಾನೇ ಹೇಳಿದ್ದೆ ಎಂದು ಬಯಲಾಗುವುದಿಲ್ಲವೇ?

ತಂಗಿ ನನ್ನನ್ನು ನೋಡಿ ಒಲೆಯ ಮುಂದಿನಿಂದ ಏಳಲೂ ಮರೆತಳು. ಅವಳ ಗಂಡ ಅಂಗಳದಲ್ಲಿ ಕಮಾನು ಕೆಳಗಿಟ್ಟು, ಮೀಸೆಗೆ, ಹುಬ್ಬಿಗೆ ಹತ್ತಿ ಅಂಟಿಕೊಂಡಿದ್ದ ಹಾಗೇ ಓಡಿಬಂದು ನನ್ನ ಕೈ ಹಿಡಿದ. ಅವನು ಮನೆಯಲ್ಲಿ ಆಡುವುದು ಉರ್ದು, ನಮ್ಮ ಜೊತೆ ಕನ್ನಡ.

“ಬರ್ರಿ ಭಾಯಿ, ಬರ್ರಿ. ನೀವು ಬಂದದ್ದು ಛಲೋ ಆತು. ನಿಮ್ಮ ತಂಗಿ ಮ್ಯಾಲ ಫಿರ್ಯಾದಿ ಅದ. ನಲವತ್ತು ದಿನ ನನ್ನ ತಾಟಿಗೆ ಬರೀ ಪುಂಡಿಪಲ್ಯ, ಮಾಂಸದ ಹೆಸರಿಲ್ಲ. ಸಂತ್ಯಾಗ ನಮ್ಮ ಮಂದಿ ನಗಾಕತ್ತಾರ. ರಮಜಾನ್ ಬಂದ್ರ ಮತ್ತ ನನ್ನ ಕೂಡ ರೋಜಾ ಇರ್ತಾಳ. ವರ್ಷಕ್ಕ ಎರಡು ಉಪಾಸ. ನನ್ನ ಹೊಟ್ಟಿ ಯಾರ ಕಡೆ ಹೋಗಿ ಅಳಬೇಕು, ಹೇಳ್ರಿ.”

“ಹೊಟ್ಟಿ ಕರಗ್ಲಿ ಅಂತನೇ ಮಾಡಾಕತ್ತೀನಿ” ಎಂದಳು ತಂಗಿ.

ನಾವು ಮೂವರೂ ನಕ್ಕೆವು. ಎರಡು ವರ್ಷದ ಮೇಲೆ ಅವಳ ನಗು ಕೇಳಿದ್ದೆ. ಆಗಲೇ ಹೇಳಿಬಿಡಬಹುದಿತ್ತು. ಅವಳು ನನಗೆ ಊಟಕ್ಕೆ ಬಡಿಸಿ, ಮತ್ತೊಂದು ರೊಟ್ಟಿ ಬಡಿಯುತ್ತಾ ಮುಖ ಎತ್ತದೆ ಕೇಳಿದಳು.

“ಹೊಸ ಸ್ವಾಮೇರು ಬಂದಾರಂತ. ನನ್ನ ಸುದ್ದಿ ಏನರ ಎತ್ತಿದ್ರೇನಣ್ಣಾ?”

“ಎತ್ತಿದ್ರು. ಆಗಂಗಿಲ್ಲ ಅಂದ್ರು.”

ಅವಳ ಕೈ ನಿಂತಿತು. “ಎಂದೂ ಆಗಂಗಿಲ್ಲೇನು?”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳುವವನಿಗೆ ಅದು ಗಟ್ಟಿಯಾಗಿ ಕೂರಬೇಕೆಂಬ ಆಸೆ. “ನೀ ಆತನ್ನ ಬಿಟ್ಟು ಬಂದ್ರ ಮಾತು ಬ್ಯಾರೆ ಅಂದ್ರು” ಎಂದೆ.

ಅಂಗಳದಲ್ಲಿ ಕಮಾನಿನ ಸದ್ದು ನಡೆದೇ ಇತ್ತು. ಅವನಿಗೆ ಕೇಳಿಸಲಿಲ್ಲ ಎಂದುಕೊಂಡೆ. ತಂಗಿ ಹಿಟ್ಟಿನ ಮುದ್ದೆಯನ್ನು ಮತ್ತೆ ಕಲಸಿ, “ಇನ್ನೊಂದು ರೊಟ್ಟಿ ಹಾಕಲೇನು?” ಎಂದಳು. ಬೇಡ ಎಂದೆ.

ಸ್ವಾಮಿಗಳಿಗೆ ಹೋಗಿ ಹೇಳಿದ್ದು ಇನ್ನೊಂದು ಸುಳ್ಳು. “ಆಕಿಗೆ ಮನಸ್ಸಿಲ್ಲ ಸ್ವಾಮಿ. ಅಲ್ಲೇ ಆರಾಮ ಇದ್ದೀನಿ ಅಂದ್ಳು.” ಅವರು ಒತ್ತಾಯ ಮಾಡುವುದು ಬೇಡ, ಆದರೆ ಪ್ರತಿ ತಪಸ್ಸುಕಾಲದಲ್ಲೂ ಒಮ್ಮೆ ಹೋಗಿ ಬಾಗಿಲು ತೆರೆದಿದೆ ಎಂದು ಹೇಳಿ ಬನ್ನಿ ಎಂದರು. ಮುಂದಿನ ವರ್ಷ ನೆನಪಿಸಿದರು. ಅದರ ಮುಂದಿನ ವರ್ಷವೂ ನೆನಪಿಸಿದರು. ನಾನು ಪ್ರತಿ ವರ್ಷ ಹೂಂ ಎಂದೆ. ಹೋಗಿ ಬಂದೆ ಎಂದೂ ಹೇಳಿದೆ. ಅವರ ಹತ್ತಿರ ಪ್ರತಿ ವರ್ಷ ಪಾಪನಿವೇದನೆಗೂ ಮೊಣಕಾಲೂರಿದೆ. ಸಿಟ್ಟು ಹೇಳಿದೆ, ಬೈಗುಳ ಹೇಳಿದೆ, ಉಪವಾಸದ ಶುಕ್ರವಾರ ಮರೆತು ಎಲೆಅಡಿಕೆ ಹಾಕಿಕೊಂಡಿದ್ದನ್ನೂ ಹೇಳಿದೆ. ಇದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಹಾಗೆ ಆರು ತಪಸ್ಸುಕಾಲ ಕಳೆದವು.

ತಂಗಿ ಮಾತ್ರ ಪ್ರತಿ ಶುಭ ಶುಕ್ರವಾರ ಮಾನ್ವಿಗೆ ಬರುತ್ತಿದ್ದಳು. ಆ ದಿನ ಶಿಲುಬೆಗೆ ಮುತ್ತಿಡಲು ಯಾರು ಬೇಕಾದರೂ ಬರಬಹುದು. ಪಕ್ಕದ ಓಣಿಯ ಹಿಂದೂಗಳೂ ಬರುತ್ತಿದ್ದರು. ಅವಳು ಮಕ್ಕಳನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ, ಎಲ್ಲರಿಗಿಂತ ಕೊನೆಗೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ಶಿಲುಬೆ ಹಿಡಿಯುವವನು ನಾನು. ಒಬ್ಬರು ಮುತ್ತಿಟ್ಟ ಮೇಲೆ ಮುಂದಿನವರಿಗಾಗಿ ಬಿಳಿ ಬಟ್ಟೆಯಿಂದ ಒರೆಸುವವನೂ ನಾನು. ಅವಳು ಬಗ್ಗಿ, ಕಣ್ಣು ಮುಚ್ಚಿ, ಎಲ್ಲರಿಗಿಂತ ಹೆಚ್ಚು ಹೊತ್ತು ತುಟಿ ಇಟ್ಟಿರುತ್ತಿದ್ದಳು. ಅವಳ ಹಿಂದೆ ಯಾರೂ ಇರುತ್ತಿರಲಿಲ್ಲ. ಆದರೂ ನಾನು ಒರೆಸುತ್ತಿದ್ದೆ. ಸ್ವಾಮಿಗಳಿಗೆ ಅವಳ ಮುಖ ಗೊತ್ತಿರಲಿಲ್ಲ. ಅವರು ಅಷ್ಟು ಹೊತ್ತಿಗೆ ಒಳಗೆ ಹೋಗಿರುತ್ತಿದ್ದರು. ಗೊತ್ತಿದ್ದ ಜನ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು, ನಾನು ಹೇಳಿದ್ದೆನಲ್ಲ. ಹಾಡು ಎತ್ತುವಾಗ ಮಾತ್ರ ಹಿಂದಿನಿಂದ ಅವಳ ದನಿ ಕೇಳುತ್ತಿತ್ತು. ಮೆಲ್ಲಗೆ, ಯಾರಿಗೂ ತೊಂದರೆ ಆಗದಂತೆ.

ನಾಲ್ಕನೆಯ ವರ್ಷವೋ ಐದನೆಯದೋ, ಹೊರಗೆ ಮಕ್ಕಳಿಗೆ ನೀರು ಕುಡಿಸುತ್ತಾ ನನ್ನನ್ನು ಕರೆದಳು.

“ಅಣ್ಣಾ, ಮತ್ತೊಮ್ಮೆ ಕೇಳಿ ನೋಡ್ತೀಯೇನು ಸ್ವಾಮೇರನ್ನ?”

“ಕೇಳೇ ಕೇಳ್ತೀನಿ ಪ್ರತಿ ವರ್ಷ. ಹಟಮಾರಿ ಇದ್ದಾರ ಅವರು.”

“ಸಿಟ್ಟಾಗಬ್ಯಾಡ ಅವರ ಮ್ಯಾಲ. ಅವರಾದರೂ ಏನು ಮಾಡ್ತಾರ ಪಾಪ” ಎಂದಳು.

ಏಳನೆಯ ತಪಸ್ಸುಕಾಲದಲ್ಲಿ, ಅಂದರೆ ಎಂಬತ್ತರ ದಶಕದ ಮೊದಲಲ್ಲಿ, ಅವಳ ಗಂಡ ಕೆಲಸ ಹುಡುಕಿಕೊಂಡು ಗಬ್ಬೂರಿನ ಮೇಲೆ ರಾಯಚೂರಿಗೆ ಹೋಗಿದ್ದ. ದೇವದುರ್ಗದಲ್ಲಿ ಬಡಿಯಬೇಕಾದ ಗಾದಿಗಳೆಲ್ಲ ಮುಗಿದಿದ್ದವು. ರಾಯಚೂರಿನ ಓಣಿಗಳಲ್ಲಿ ಕಮಾನು ಮೀಟುತ್ತಾ ಹೋಗುವಾಗ ಸ್ವಾಮಿಗಳ ಮನೆಯ ಅಡುಗೆಯವಳು ಕರೆದಳು. ಈಸ್ಟರಿಗೆ ಬರುವ ಅತಿಥಿಗಳಿಗೆಂದು ಅಲ್ಲಿಯ ಗಾದಿಗಳನ್ನೆಲ್ಲ ಬಿಚ್ಚಿ ಬಡಿಯಬೇಕಿತ್ತು. ಎರಡು ದಿನದ ಕೆಲಸ. ಗೋಡೆಯ ಮೇಲಿನ ಶಿಲುಬೆ ನೋಡಿ ಇದು ಯಾರ ಮನೆ ಎಂದು ಅವನಿಗೆ ತಿಳಿಯಿತು. ಎರಡನೆಯ ದಿನ ಸ್ವಾಮಿಗಳು ಅಂಗಳಕ್ಕೆ ಬಂದಾಗ, ಕಮಾನು ಕೆಳಗಿಟ್ಟು ಕೇಳಿದ.

“ಸ್ವಾಮೇರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ನನ್ನ ಹೆಂಡ್ತೀನ ಬಿಟ್ಟುಕೊಟ್ರ ನೀವು ಆಕಿನ್ನ ಮತ್ತ ನಿಮ್ಮ ಗುಡಿಗೆ ತಗೋತೀರಂತ. ನಾ ಬಿಡಾಕ ತಯಾರಿದ್ದೀನಿ ಅಂದ್ರ ಆಕಿ ಒಲ್ಲೆ ಅಂತಾಳ. ಆಕಿಗೆ ನೀವರ ಹೇಳ್ರಿ.”

ಅವನು ಅಂದು ನನ್ನ ಮಾತು ಕೇಳಿಸಿಕೊಂಡಿದ್ದ. ಕಮಾನು ಮೀಟುತ್ತಲೇ ಕೇಳಿಸಿಕೊಂಡಿದ್ದ. ಆರು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು, ತಾನೇ ಅವಳ ದಾರಿಗೆ ಅಡ್ಡ ನಿಂತವನು ಎಂದುಕೊಂಡು ಬದುಕಿದ್ದ.

ಆ ಶುಕ್ರವಾರ ಸ್ವಾಮಿಗಳು ಮಾನ್ವಿಗೆ ಬಂದರು. ಶಿಲುಬೆಯ ಹಾದಿ ನಡೆಸಿದರು. ಯೇಸು ಶಿಲುಬೆ ಹೊತ್ತು ನಡೆದ ಕಥೆಯನ್ನು ಹದಿನಾಲ್ಕು ಕಡೆ ನಿಂತು ನಾನು ಓದಿದೆ, ಜನ ಮೊಣಕಾಲೂರಿದರು. ಎಲ್ಲರೂ ಹೋದ ಮೇಲೆ ಅವರು ಬೆಂಚಿನ ಮೇಲೆ ಕೂತು, ನನಗೂ ಕೂರಲು ಹೇಳಿದರು. ಪಿಂಜಾರ ಬಂದದ್ದನ್ನು ಹೇಳಿದರು. ಆಮೇಲೆ ಒಂದೇ ಪ್ರಶ್ನೆ.

“ನಾನು ಹೇಳಿದ್ದನ್ನು ನೀವು ಅವಳಿಗೆ ಒಮ್ಮೆಯಾದರೂ ಹೇಳಿದ್ದೀರಾ?”

“ಇಲ್ಲ ಸ್ವಾಮಿ.”

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಅವರು ಬೈಯಲಿಲ್ಲ. “ದೇವದುರ್ಗದ ದಾರಿಯಲ್ಲಿ ನಾನು ಎಷ್ಟು ಸಲ ಹೋಗಿ ಬಂದಿದ್ದೇನೆ. ಇಳಿದು ಅವಳ ಮನೆ ಕೇಳಬಹುದಿತ್ತು. ನನ್ನ ಮಾತು ಹೇಳುವ ಅಧಿಕಾರವನ್ನು ನಿಮ್ಮೊಬ್ಬರ ಕೈಗೆ ಕೊಟ್ಟು ನಿಶ್ಚಿಂತನಾಗಿದ್ದೆ. ಇದರಲ್ಲಿ ಅರ್ಧ ನನ್ನದು” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನಗೆ ಅಳು ಬಂತು. ಅವರ ಮುಂದೆ ಮೊಣಕಾಲೂರಿ ಎಲ್ಲ ಹೇಳಿದೆ. ಬಸ್ಸಿನಲ್ಲಿ ಯೋಚಿಸಿದ್ದು, ಮೊದಲ ಭಾನುವಾರ ಜನರೆದುರು ಸ್ವಂತವಾಗಿ ಹೇಳಿದ್ದು, ಅದು ಹಿತವಾದದ್ದು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳಿದರು.

“ದೇವರ ಕಡೆಯದು ಮುಗಿಯಿತು. ಅವಳ ಕಡೆಯದು ಬಾಕಿ ಇದೆ. ಅದನ್ನು ನಾನು ಹೋಗಿ ಹೇಳುವುದಿಲ್ಲ. ನೀವೇ ಹೇಳಬೇಕು. ಎಲ್ಲರೆದುರು ಹೊರಗೆ ಹಾಕಿದವರು ಎಲ್ಲರೆದುರೇ ಒಳಗೆ ಕರೆಯಬೇಕು. ಅಲ್ಲಿಯವರೆಗೆ ಪುಸ್ತಕ ನನ್ನ ಹತ್ತಿರ ಇರಲಿ.”

ಮರುದಿನವೇ ದೇವದುರ್ಗಕ್ಕೆ ಹೋದೆ. ತಂಗಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಗಂಡ ರಾಯಚೂರಿನಿಂದ ಇನ್ನೂ ಬಂದಿರಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಬೆರಳು ಕಲ್ಲು ಆರಿಸುತ್ತಲೇ ಇತ್ತು. ಆಮೇಲೆ ನೋಡಿದರೆ ಕಲ್ಲು ಬಿಟ್ಟು ಅಕ್ಕಿಯನ್ನೇ ಆರಿಸಿ ಹೊರಗೆ ಹಾಕುತ್ತಿದ್ದಳು.

“ಎಷ್ಟು ವರ್ಷ ಅಂದಿ?”

“ಆರು.”

“ಮೊದಲನೇ ವರ್ಷನೇ ಬಾ ಅಂದಿದ್ರೇನು?”

“ಹೂಂ.”

“ಆತನ್ನ ಬಿಡು ಅಂತ ಅವರು ಅಂದೇ ಇಲ್ಲೇನು?”

“ಇಲ್ಲ. ಅದು ನಾ ಅಂದದ್ದು.”

ಅವಳು ಮೊರ ಕೆಳಗಿಟ್ಟಳು. “ಒಂದಿನ ಈ ಮನುಷ್ಯ ನನ್ನ ಸೀರಿ ಗಂಟು ಕಟ್ಟಿ ಬಾಗಿಲದಾಗ ಇಟ್ಟಿದ್ದ. ಹೋಗು, ನಿನ್ನ ದೇವರ ಕಡೆ ಹೋಗು, ನಾ ತಡಿಯಂಗಿಲ್ಲ ಅಂತ ಅತ್ತ. ನಾ ಅದನ್ನ ಬಿಚ್ಚಿ ಒಳಗಿಟ್ಟೆ. ಯಾರು ಇವನ ತಲಿ ಕೆಡಿಸ್ಯಾರ ಅಂತ ಓಣಿ ಮಂದಿನ್ನೆಲ್ಲ ಬೈದೆ. ನೀ ಅಂತ ಹೊಳೀಲಿಲ್ಲ ನನಗ.” ಮತ್ತೆ, “ದೊಡ್ಡ ಮಗಳು ಕೇಳತಿದ್ದಳು, ಯವ್ವಾ ನೀ ಯಾಕ ಒಳಗ ಹೋಗಿ ತಿನ್ನಂಗಿಲ್ಲ ಅಂತ. ನಾ ಕೆಟ್ಟಾಕಿ ಇದ್ದೀನವ್ವಾ, ನನ್ನ ದೇವರು ತಗೊಳ್ಳಂಗಿಲ್ಲ ಅಂತ ಹೇಳೀನಿ. ನಾನೂ ಅದನ್ನೇ ನಂಬಿದ್ದೆ” ಎಂದಳು.

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದೆ ಎಳೆದುಕೊಂಡಳು.

“ಬ್ಯಾಡ. ನೀ ಹೋಗು. ಇವತ್ತು ನಿನಗ ಊಟಕ್ಕ ಹಾಕಂಗಿಲ್ಲ. ನನ್ನ ಕೈ ಬರವಲ್ದು.”

ನಮ್ಮ ಕಡೆ ಜಗಳಕ್ಕೆ ಬಂದವನನ್ನೂ ಉಣ್ಣಿಸಿ ಕಳಿಸುತ್ತಾರೆ. ಅವಳನ್ನು ನಾನು ಹೊರಗೆ ಹಾಕಿದ ಮೇಲೂ, ಅಂದು ಬಂದವನಿಗೆ ಅವಳು ಎರಡು ರೊಟ್ಟಿ ಹಾಕಿ ಮೂರನೆಯದು ಕೇಳಿದ್ದಳು. ಈ ಸಲ ನಾನು ಒಂದು ತಂಬಿಗೆ ನೀರೂ ಕುಡಿಯದೆ ಬಸ್ ನಿಲ್ದಾಣಕ್ಕೆ ನಡೆದೆ. ಸಿರವಾರದಲ್ಲಿ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದರು. ಹಸಿವೆಯಾಗಿತ್ತು. ತಿನ್ನಲಿಲ್ಲ. ಆ ವರ್ಷ ನಾನು ನಿಜವಾಗಿ ಮಾಡಿದ ಉಪವಾಸ ಆ ಒಂದು ಹೊತ್ತಿನದು.

ಭಾನುವಾರ ಪ್ರಾರ್ಥನೆಯಾದ ಮೇಲೆ ಜನರನ್ನು ಕೂರಿಸಿ ಹೇಳಿದೆ. ಕೈಯಲ್ಲಿ ಪುಸ್ತಕವಿರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಂಗಿಯನ್ನು ಹೊರಗೆ ಹಾಕಿದ್ದು ಸ್ವಾಮಿಗಳಲ್ಲ, ನಾನು. ಅವರು ಕರೆದದ್ದನ್ನು ಆರು ವರ್ಷ ಮುಚ್ಚಿಟ್ಟವನೂ ನಾನು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಸ್ವಾಮೇರು ಹಂಗ ಮಾತಾಡಂಗಿಲ್ಲಂತ ನನಗ ಅವತ್ತೇ ಅನುಮಾನ ಇತ್ತಪ್ಪ. ಕೇಳಿದ್ರ ನನ್ನ ಹೆಸರೂ ಹೊಡದು ಹಾಕ್ತಿದ್ದಿ ನೀ. ಕುಂದ್ರು, ಎಷ್ಟೊತ್ತಂತ ಅಂಗಿ ಚುಂಗು ತಿರುವತಿ” ಎಂದಳು. ಕೆಲವರು ನಕ್ಕರು. ಸಿರವಾರದಲ್ಲಿ ಸಿಕ್ಕಿದ್ದ ಆ ಹಿರಿಯ ನಗಲಿಲ್ಲ. ಎದ್ದು, ನನ್ನ ಮುಖವನ್ನೊಮ್ಮೆ ನೋಡಿ, ಹೊರಗೆ ಹೋದ. ಅವನ ಮಗಳ ವಿಷಯ ಸರಿಮಾಡುವುದು ಯಾರ ಕೈಯಲ್ಲೂ ಇರಲಿಲ್ಲ. ಅವನು ಸಾಯುವವರೆಗೂ ನನ್ನ ಜೊತೆ ಮಾತನಾಡಲಿಲ್ಲ. ನಾನೂ ಅದನ್ನು ತಪ್ಪೆನ್ನಲಾರೆ.

ತಂಗಿ ಮತ್ತು ಅವಳ ಗಂಡ ರಾಯಚೂರಿಗೆ ಹೋಗಿ ಸ್ವಾಮಿಗಳನ್ನು ಕಂಡರು. ಬಿಷಪರ ಕಾಗದ ಬಂತು. ಗರಿಗಳ ಭಾನುವಾರಕ್ಕೆ ಮುಂಚೆ ಇಬ್ಬರು ಸಾಕ್ಷಿಗಳನ್ನಿಟ್ಟು ಮದುವೆಯನ್ನು ಆಶೀರ್ವದಿಸಿದರಂತೆ. ನನ್ನನ್ನು ಕರೆಯಲಿಲ್ಲ. ಶುಭ ಶುಕ್ರವಾರ ಅವಳು ಮಾನ್ವಿಗೂ ಬರಲಿಲ್ಲ.

ಅವಳು ಈಸ್ಟರಿಗೆ ರಾಯಚೂರಿನ ಗುಡಿಗೆ ಬರುತ್ತಾಳೆಂದು ಕೇಳಿ, ಆ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಅಲ್ಲಿಗೆ ಹೋದೆ. ದೊಡ್ಡ ಗುಡಿ ತುಂಬಿತ್ತು. ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತೆ. ಪಕ್ಕದಲ್ಲಿ ತೊಳೆದ ಬಿಳಿ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ. ತಿರುಗಿ ನೋಡಿದರೆ ತಂಗಿಯ ಗಂಡ. ನಾನು ಅತ್ತಿತ್ತ ಸರಿಯುವಷ್ಟರಲ್ಲಿ ಅವನೇ ನನ್ನ ತೋಳು ಹಿಡಿದ.

“ಛಲೋ ಆತು ನೀವು ಬಂದದ್ದು. ಇಲ್ಲಿ ಯಾವಾಗ ಕುಂದ್ರಬೇಕು, ಯಾವಾಗ ಏಳಬೇಕು ನನಗೊಂದೂ ತಿಳಿಯವಲ್ದು. ಎಲ್ಲಾರೂ ಎದ್ದಾಗ ನಾ ಕುಂತಿರ್ತೀನಿ, ಕುಂತಾಗ ಎದ್ದಿರ್ತೀನಿ.”

“ಈಗ ನಿಂದ್ರಬೇಕು” ಎಂದೆ ಮೆಲ್ಲಗೆ.

“ಈಗ?”

“ಈಗ ಕುಂದ್ರಬೇಕು. ನೀವು ನಿಂತ್ರೂ ನಡೀತದ.”

“ಇಲ್ಲ ಇಲ್ಲ, ಆಕಿ ನೋಡಿದ್ರ ಬೈತಾಳ” ಎಂದು ಕೂತ.

ತಂಗಿ ಮುಂದೆ ಹೆಂಗಸರ ಕಡೆ ಮಕ್ಕಳ ಜೊತೆ ಕೂತಿದ್ದಳು. ತಲೆಯ ಮೇಲೆ ಸೆರಗು. ಪ್ರಸಾದದ ಹೊತ್ತಿಗೆ ಜನ ಎದ್ದು ಸಾಲು ಕಟ್ಟಿದರು. ಅವಳೂ ಎದ್ದಳು, ಒಂದು ಹೆಜ್ಜೆ ಇಟ್ಟು ನಿಂತಳು. ಹಿಂದಿನವರು ಅವಳಿಗಾಗಿ ಕಾದರು. ದೊಡ್ಡ ಮಗಳು ಏನೋ ಹೇಳಿ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ದೂಡಿದಳು. ಆಗ ಸಾಲಿನೊಳಗೆ ಸೇರಿದಳು.

“ಈಗ ಆಕಿಗೆ ಕೊಡ್ತಾರೇನು?” ಎಂದ ಅವಳ ಗಂಡ.

“ಹೂಂ. ಈಗ ಕೊಡ್ತಾರ.”

“ಮತ್ತ ನೀವು ಯಾಕ ಹೋಗವಲ್ರಿ?”

“ನನಗ ಆಗವಲ್ದು” ಎಂದೆ. ಸ್ವಾಮಿಗಳು ಕ್ಷಮೆ ಹೇಳಿದ್ದರು, ತಡೆ ಏನೂ ಇರಲಿಲ್ಲ. ಆದರೆ ಅವಳು ಒಂದು ಮಾತೂ ಆಡಿರಲಿಲ್ಲ. ಸ್ವಾಮಿಗಳು ಕರೆದ ಮೇಲೂ ಅವಳು ಆರು ವರ್ಷ ಹೊರಗೆ ನಿಂತವಳು. ನಾನು ಒಂದು ವರ್ಷವಾದರೂ ನಿಲ್ಲಬೇಕು ಎನ್ನಿಸಿತ್ತು.

ಮುಂದೆ ಸ್ವಾಮಿಗಳು ಅವಳ ಎದುರು ಕೈ ಎತ್ತಿದ್ದು ಕಂಡಿತು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಪ್ರಸಾದ ತೆಗೆದುಕೊಂಡವರು ಗೋಡೆಯ ಪಕ್ಕದ ದಾರಿಯಿಂದ, ನಾವು ನಿಂತಿದ್ದ ಕಡೆಯಿಂದಲೇ ಸುತ್ತಿ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಅವಳೂ ಕೈ ಮುಗಿದು, ಕಣ್ಣು ಕೆಳಗೆ ಹಾಕಿ ನಡೆದು ಬಂದಳು. ನಮ್ಮ ಹತ್ತಿರ ಬಂದಾಗ ಮೊದಲು ಗಂಡನನ್ನು ನೋಡಿದಳು. ಅವನು ಎರಡೂ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಆಮೇಲೆ ನನ್ನನ್ನು ನೋಡಿದಳು. ಮುಖದಲ್ಲಿ ನಗು ಇರಲಿಲ್ಲ.

“ಸಾಲು ಇನ್ನಾ ಅದ” ಎಂದಳು, ನಿಲ್ಲದೆ. “ಹೋಗು.”

ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.